ತಂತಿಯೋ? ನಿಸ್ತಂತುವೋ?

ನಿಸ್ತಂತುವಿನ ಮನೆಗೆ ಬಂದು ತಂತಿಯ ಪಕ್ಷ ವಹಿಸಿ ಮಾತಾಡುವದೆಂದರೆ ಉಂಡ ಮನೆಯ ಜಂತಿ ಎಣಿಸಿದಂತೆಯೇ ಸರಿ. 1950ರ ಜನವರಿ 8ರಂದು ಧಾರವಾಡದಲ್ಲಿ ಬಾನುಲಿ ನಿಲಯ ಆರಂಭವಾದಂದಿನಿಂದ ನಮ್ಮ ಕಡೆಯ ಊರೂರಿಗೂ ಮಾತು, ಹಾಡು, ಹವೆಯ ವರ್ತಮಾನ ಎಲ್ಲವೂ ತಂತಿಯ ಹಂಗಿಲ್ಲದೆ ಬಂದಿವೆ. ಅದಕ್ಕೆ ನಾವು ಋಣಿಗಳು. ಆದರೂ ಇಂದು ನಿಮ್ಮ ಮುಂದೆ ತಂತಿಯ ಪರವಾಗಿ ನಾಲ್ಕು ಮಾತು ಹೇಳುವ ಪ್ರಸಂಗ ನನಗೆ ಬಂದಿದೆ. ವಿಷಯವಾದರೂ ಎಂಥದು? ಹುಡುಗರು ಟಿ.ವಿ.ಯ ಮುಂದೆ ಕುಳಿತು ದೂರದೂರಿನವರೊಡನೆ ಆಡುವ ಕನ್ಸೋಲ್ ಆಟ! ಮೂವತ್ತು ವರ್ಷ ಷಟ್ಪದಿಯ ಮಾತ್ರೆ ಎಣಿಸುತ್ತ ಬಂದ ಕನ್ನಡ ಮಾಸ್ತರನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರವಾಗಿ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ನಮ್ಮ ಹೊಂಬಳದಲ್ಲಿ ನಮ್ಮ ಅಕ್ಕನ ಮನೆಯೂ ಇದೆ. ಆಕೆಗೆ ಇಬ್ಬರು ಮಕ್ಕಳು. ಹಿರಿಯವನು ಪುಣೆಯಲ್ಲಿ ನೌಕರಿ ಮಾಡುತ್ತಾನೆ, ಕಿರಿಯವನು ಪಿ.ಯು.ಸಿ. ಮೊದಲ ವರ್ಷದಲ್ಲಿದ್ದಾನೆ. ಹಿರಿಯವನು ಒಂದು ದೀಪಾವಳಿಗೆ ಊರಿಗೆ ಬಂದಾಗ ತಮ್ಮನಿಗಾಗಿ ಪ್ಲೇಸ್ಟೇಷನ್ ಪೆಟ್ಟಿಗೆಯೊಂದನ್ನು ತಂದ. ಅಂಥದೇ ಇನ್ನೊಂದು ಅವನ ಕೋಣೆಯಲ್ಲಿತ್ತು. ರವಿವಾರ ರಾತ್ರಿ ಒಂಬತ್ತಕ್ಕೆ ಅಣ್ಣ ಅಲ್ಲಿ, ತಮ್ಮ ಇಲ್ಲಿ ಕುಳಿತು ಕಾಲ್ಚೆಂಡಿನ ಆಟ ಆಡುವದು, ಆಡುತ್ತ ಮಾತಾಡುವದು, ನಡುನಡುವೆ ಅವ್ವ ಬಂದು “ಉಂಡ್ಯಾ?” ಎಂದು ಹಿರಿಯನನ್ನು ಕೇಳುವದು—ಹೀಗೆ ಒಂದು ಪದ್ಧತಿಯೇ ಆಯಿತು. ಫೋನಿನಲ್ಲಿ ಎರಡು ಮಾತಿಗೆ ಮುಗಿಯುತ್ತಿದ್ದ ಅಣ್ಣತಮ್ಮಂದಿರ ಸಂಭಾಷಣೆ ಆಟದ ನೆವದಿಂದ ಒಂದು ತಾಸು ನಡೆಯುತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ತೊಡಕು ಹುಟ್ಟಿತು. ಆಟ ರಂಗೇರಿದ ಹೊತ್ತಿಗೆ ತಮ್ಮನ ಆಟಗಾರರು ಕಲ್ಲಿನ ಗೊಂಬೆಗಳಂತೆ ನಿಂತುಬಿಡುವರು. ಮತ್ತೆ ಒಮ್ಮೆಲೆ ಹಾರಿ ಎಲ್ಲಿಯೋ ಕಾಣಿಸುವರು. ಕೊನೆಗೆ ಸಂಪರ್ಕವೇ ಕಡಿದುಹೋಗುವದು. ನಡುವೆ ಕಡಿದು ಹೋದವನ ಲೆಕ್ಕಕ್ಕೆ ಸೋಲು ಬೀಳುವದು. ಎರಡು ಸಲ ಹೀಗಾದಾಗ ಅಣ್ಣ ನಕ್ಕ. ಐದನೆಯ ಸಲ ನಗಲಿಲ್ಲ. “ನೀ ಸೋಲಾಕತ್ತಿದಾಗೆಲ್ಲ ನಿನ್ನ ನೆಟ್ ಹೋಗತದ ನೋಡು” ಎಂದುಬಿಟ್ಟ. ಮುಂದಿನ ಮೂರು ರವಿವಾರ ಅವನು ಆಟಕ್ಕೆ ಬರಲಿಲ್ಲ.

ಅಕ್ಕ ನನಗೆ ಹೇಳಿಕಳಿಸಿದಳು. ಹುಡುಗನನ್ನು ಕೂಡ್ರಿಸಿಕೊಂಡು ನಾನು ಮಾಸ್ತರಿಕೆ ಮಾಡಿದೆ: “ಸೋಲೋದು ತಪ್ಪಲ್ಲೋ ತಮ್ಮಾ, ಸೋಲಿಗೆ ಅಂಜಿ ಓಡೋದು ತಪ್ಪು.” ಅವನು ತಲೆ ಎತ್ತಲಿಲ್ಲ. “ಮಾಮಾ, ನಾ ಬೇಕಂತ ಬಿಟ್ಟು ಹೋಗಿಲ್ಲ” ಎಂದಷ್ಟೇ ಹೇಳಿದ. ನಾನು ನಂಬಲಿಲ್ಲ. ವರ್ಗದಲ್ಲಿ ಮೂವತ್ತು ವರ್ಷ ಹುಡುಗರ ಮುಖ ನೋಡಿದವನು, ನಿಜ ಯಾವುದು ನೆಪ ಯಾವುದು ನನಗೆ ತಿಳಿಯದೆ ಇರುವದೇ ಎಂಬ ಅಹಂಕಾರ.

ಆ ಮೇಲೆ ಒಂದು ರಾತ್ರಿ ಅವನು ಬೇರೆ ಯಾರೊಡನೆಯೋ ಆಡುತ್ತಿದ್ದಾಗ ನಾನು ಮಗ್ಗುಲಿಗೆ ಕುಳಿತಿದ್ದೆ. ಹುಡುಗ ಎರಡು ಗೋಲು ಮುಂದಿದ್ದ, ಎದುರಾಳಿಯದು ಸೊನ್ನೆ. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ಅಷ್ಟರಲ್ಲಿ ಚಿತ್ರ ನಿಂತಿತು, ಸಂಪರ್ಕ ಕಡಿಯಿತು, ಗೆಲ್ಲಬೇಕಾದವನ ಹಣೆಗೆ ಸೋಲು ಹತ್ತಿತು. ಹುಡುಗ ನನ್ನತ್ತ ನೋಡಿದ, ಏನೂ ಹೇಳಲಿಲ್ಲ. ಗೆಲ್ಲುತ್ತಿರುವವನು ಅಂಜಿ ಓಡಿಹೋಗುವದುಂಟೆ? ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹುಡುಗ ನಿಜ ಹೇಳಿದ್ದಾನೆಂದ ಮೇಲೆ, ಸುಳ್ಳು ಹೇಳುತ್ತಿದ್ದವರು ಯಾರು? ಅದನ್ನು ಹುಡುಕಹೊರಟು ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಬಾನುಲಿಗೂ ಈ ಆಟಕ್ಕೂ ಇರುವ ಅಂತರವನ್ನು ತಿಳಿಯಬೇಕು. ಬಾನುಲಿಯ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ. ಭಾಷಣ ಒಂದು ಸೆಕೆಂಡು ತಡವಾಗಿ ಮುಟ್ಟಿದರೂ ಕೇಳುಗರಿಗೆ ಅದರ ಅರಿವೇ ಆಗದು. ಫೋನಿನಲ್ಲಿ ಸಿನಿಮಾ ನೋಡುವಾಗಲೂ ಹಾಗೆಯೇ. ಯಂತ್ರವು ಮುಂದಿನ ಕೆಲವು ಸೆಕೆಂಡುಗಳ ಚಿತ್ರವನ್ನು ಮೊದಲೇ ತರಿಸಿ ಕಣಜದಲ್ಲಿಟ್ಟಿರುತ್ತದೆ. ದಾರಿಯಲ್ಲಿ ಅಡಚಣೆಯಾದರೆ ಕಣಜದಿಂದ ತೆಗೆದು ತೋರಿಸುತ್ತದೆ. ಆಟದ ಮಾತು ಹಾಗಲ್ಲ. ಅದು ಸಂವಾದ. ಎದುರಾಳಿ ಚೆಂಡನ್ನು ಯಾವ ಕಡೆ ಒದೆಯುವನೆಂಬುದು ಅವನು ಒದೆಯುವ ತನಕ ಯಾರಿಗೂ ಗೊತ್ತಿಲ್ಲ; ಆದುದರಿಂದ ಮೊದಲೇ ತರಿಸಿಡುವದಕ್ಕೆ ಅಲ್ಲಿ ಏನೂ ಇಲ್ಲ. ನೀವು ಗುಂಡಿ ಒತ್ತಿದ ಸುದ್ದಿ ದೂರದ ಸರ್ವರ್ ಯಂತ್ರಕ್ಕೆ ಹೋಗಬೇಕು, ಅಲ್ಲಿಂದ ಉತ್ತರ ತಿರುಗಿ ಬರಬೇಕು. ಈ ಹೋಗಿಬರುವ ವೇಳೆಯನ್ನು ಹುಡುಗರು ‘ಪಿಂಗ್’ ಎನ್ನುತ್ತಾರೆ. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದವರು ಇದನ್ನು ಅಳೆಯಲು ಒಂದು ಚಿಕ್ಕ ಸಾಧನವನ್ನು ಬರೆದು, ನೀರೊಳಗೆ ಧ್ವನಿ ಕಳಿಸಿ ಪ್ರತಿಧ್ವನಿ ಕೇಳುವ ಸೋನಾರ್ ಯಂತ್ರದ ಸದ್ದಿನಿಂದ ಈ ಹೆಸರನ್ನಿಟ್ಟರು.

ಇಲ್ಲಿ ಬಹಳ ಜನ ಎಡವುವ ಒಂದು ಮಾತಿದೆ. ಆಟ ತಡವರಿಸಿತೆಂದರೆ ತಂದೆತಾಯಿಗಳು ತಿಂಗಳಿಗೆ ಹೆಚ್ಚು ಹಣ ತೆತ್ತು ದೊಡ್ಡ ಅಂಕಿಯ ಸಂಪರ್ಕ ಹಾಕಿಸುತ್ತಾರೆ. ನಮ್ಮ ಅಕ್ಕನೂ ಹಾಕಿಸಿದಳು; ಗುಣ ಕಾಣಲಿಲ್ಲ. ಏಕೆಂದರೆ 50 ಅಥವಾ 100 ಎಮ್‌ಬಿಪಿಎಸ್ ಎಂಬ ಅಂಕಿ ರಸ್ತೆಯ ಅಗಲವನ್ನು ಹೇಳುತ್ತದೆ, ಊರು ಮುಟ್ಟುವ ವೇಳೆಯನ್ನಲ್ಲ. ಆಡುವ ಹೊತ್ತಿನಲ್ಲಿ ಇಂಥ ಆಟಕ್ಕೆ ಸಾಮಾನ್ಯವಾಗಿ ಒಂದು ಎಮ್‌ಬಿಪಿಎಸ್ ಕೂಡ ಬೇಡ. ಹೊಸ ಆಟವನ್ನು ಇಳಿಸಿಕೊಳ್ಳುವಾಗ ಮಾತ್ರ ಅಗಲವಾದ ರಸ್ತೆ ಬೇಕು. ಒಂದೊಂದು ಆಟ 50 ರಿಂದ 100 ಗಿಗಾಬೈಟ್ ಭಾರವಿರುವದುಂಟು. ಹೊಲದಿಂದ ಹತ್ತಿ ಹೇರಿಕೊಂಡು ಬರಲು ದೊಡ್ಡ ಚಕ್ಕಡಿ ಬೇಕು ನಿಜ. ಒಂದು ಚೀಟಿ ಮುಟ್ಟಿಸಲು ಚುರುಕು ಕಾಲಿನ ಹುಡುಗನೊಬ್ಬ ಸಾಕಲ್ಲವೆ?

ಹಾಗಾದರೆ ಈ ತಡಕ್ಕೆ ದೂರ ಕಾರಣವೆ? ಲೆಕ್ಕ ಹಾಕಿ ನೋಡೋಣ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಹಾಕಮ್ ಎಂಬ ವಿಜ್ಞಾನಿಗಳು, ಗಾಜು ಸಾಕಷ್ಟು ಶುದ್ಧವಾದರೆ ಅದರಲ್ಲಿ ಬೆಳಕಿನಿಂದ ಸುದ್ದಿ ಕಳಿಸಬಹುದೆಂದು ತೋರಿಸಿಕೊಟ್ಟರು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಗದಗಿನಿಂದ ಮುಂಬಯಿ ನೆಟ್ಟಗೆ ಎಣಿಸಿದರೆ ಸುಮಾರು 500 ಕಿಲೋಮೀಟರು. ಹೋಗಿ ಬರಲು ಬೆಳಕಿಗೆ 5 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದ ಐದು ಭಾಗ ಸಾಕು. ಎಳೆಗಳು ಸುತ್ತುಬಳಸಿ ಹೋಗುತ್ತವೆ, ನಡುವೆ ಹಲವು ಯಂತ್ರಗಳಲ್ಲಿ ತಡೆದು ಸಾಗುತ್ತವೆ. ಆದುದರಿಂದ ಇದರ ಕೆಲವು ಪಟ್ಟು ವೇಳೆ ಹಿಡಿಯುತ್ತದೆ ಎನ್ನೋಣ. ಸರ್ವರ್ ಸಿಂಗಪುರದಲ್ಲಿದ್ದರೆ ಬರಿಯ ಬೆಳಕಿನ ಓಟಕ್ಕೇ ಸುಮಾರು 35 ಮಿಲಿಸೆಕೆಂಡು ಬೇಕು. ಹೇಗಿದ್ದರೂ ದೂರದ ತಡ ಎಂಬುದು ನಿಯತವಾದದ್ದು. ಆಟಕ್ಕೆ ನಡುವೆ ಕುತ್ತು ತರುವದು ಅದಲ್ಲ.

ಕುತ್ತು ತರುವದು ಏರುಪೇರು. ಇದನ್ನು ತಿಳಿಯಲು ನಾವು ಗದಗ ಸೀಮೆಯವರು ಬಹಳ ದೂರ ಹೋಗಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದ ಸಂಗೀತ ಕೇಳಿ ಬೆಳೆದವರಿಗೆ ವಿಲಂಬಿತ ಲಯ ಗೊತ್ತು. ತಾಳ ನಿಧಾನವಾಗಿದ್ದರೆ ಹಾಡು ಕೆಡುವದಿಲ್ಲ. ತಬಲಾದ ಪೆಟ್ಟು ಒಮ್ಮೆ ಮುಂದೆ ಒಮ್ಮೆ ಹಿಂದೆ ಬಿದ್ದರೆ ಮಾತ್ರ ಎಂಥ ಗವಾಯಿಯೂ ಹಾಡಲಾರ. ನನ್ನ ಕಸುಬಿನಿಂದಲೇ ಹೇಳುವದಾದರೆ, ಕುಮಾರವ್ಯಾಸ ಗದುಗಿನಲ್ಲಿ ಬಳಸಿದ ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆಗಳು ನಡೆಯುತ್ತವೆ. ಗಮಕಿಯು ನಿಧಾನವಾಗಿ ಓದಲಿ, ಬೇಗ ಓದಲಿ, ಕೇಳುವ ಕಿವಿಗೆ ತೊಂದರೆಯಿಲ್ಲ. ಆದರೆ ನಡುವೆ ಒಂದು ಮಾತ್ರೆ ಬಿಟ್ಟುಹೋಗಲಿ. ಅರ್ಥ ತಿಳಿಯದ ಮಗುವೂ ಎಡವಿತೆಂದು ಹೇಳುತ್ತದೆ. ಆಟದ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ಎಂದರೆ ಒಂದೊಂದು ಚಿತ್ರಕ್ಕೆ ಹೆಚ್ಚುಕಡಿಮೆ 17 ಮಿಲಿಸೆಕೆಂಡು. ಸುದ್ದಿ ಯಾವಾಗಲೂ 40 ಮಿಲಿಸೆಕೆಂಡಿಗೆ ಬಂದರೆ ಯಂತ್ರವೂ ಹುಡುಗನ ಬೆರಳೂ ಅದಕ್ಕೆ ಹೊಂದಿಕೊಳ್ಳುತ್ತವೆ. ಒಮ್ಮೆ 40, ಒಮ್ಮೆ 240, ಒಮ್ಮೆ ಸುದ್ದಿಯೇ ಇಲ್ಲವೆಂದಾದರೆ ಹನ್ನೆರಡು ಚಿತ್ರಗಳಷ್ಟು ಕಾಲ ಆಟಗಾರ ಕುರುಡನಾಗುತ್ತಾನೆ.

ಈ ಏರುಪೇರು ಎಲ್ಲಿ ಹುಟ್ಟುತ್ತದೆ? ಬಹುತೇಕ ನಿಮ್ಮ ಮನೆಯೊಳಗೇ, ರೂಟರಿನಿಂದ ಆಟದ ಪೆಟ್ಟಿಗೆಯವರೆಗಿನ ಹತ್ತು ಹೆಜ್ಜೆಯ ಗಾಳಿಯಲ್ಲಿ. ವೈಫೈ ಎಂಬುದು ಊರ ಕಟ್ಟೆಯ ಮೇಲಿನ ಮಾತುಕತೆಯಂತೆ. ಒಂದೇ ಹಾದಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಇಬ್ಬರು ಕೂಡಿಯೇ ಬಾಯಿ ತೆರೆದರೆ ಇಬ್ಬರದೂ ಕೇಳಿಸದು. ಆಗ ಇಬ್ಬರೂ ಸುಮ್ಮನಾಗಿ, ತಮಗೆ ತೋಚಿದಷ್ಟು ಹೊತ್ತು ಕಾದು, ಮತ್ತೆ ಆರಂಭಿಸಬೇಕು. ಈ ರೀತಿಯ ಮೂಲ 1971ರಲ್ಲಿ ಹವಾಯಿ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಕಟ್ಟಿದ ‘ಅಲೋಹಾ’ ಎಂಬ ನಿಸ್ತಂತು ಜಾಲದಲ್ಲಿದೆ. ಇದು ನ್ಯಾಯವಾದ ಪದ್ಧತಿಯೇ. ಆದರೆ ಎಷ್ಟು ಹೊತ್ತು ಕಾಯಬೇಕೆಂಬುದು ನಿಶ್ಚಿತವಿಲ್ಲ. ಪತ್ರ ಓದುವವನಿಗೆ ಈ ಅನಿಶ್ಚಯ ಕಾಣದು, ಆಡುವವನಿಗೆ ಕಾಣುತ್ತದೆ.

ಅದರ ಮೇಲೆ 2.4 ಗಿಗಾಹರ್ಟ್ಸ್ ಎಂಬ ಹಳೆಯ ತರಂಗ ಪಟ್ಟಿಯಲ್ಲಿ ಒಂದನ್ನೊಂದು ತುಳಿಯದ ಹಾದಿಗಳು ಮೂರೇ—1, 6 ಮತ್ತು 11. ಅವುಗಳಲ್ಲಿಯೇ ನಮ್ಮ ರೂಟರು, ನೆರೆಮನೆಯ ರೂಟರು, ಬ್ಲೂಟೂತ್ ಸಾಧನಗಳು, ಇದ್ದವರ ಮನೆಯ ಮೈಕ್ರೋವೇವ್ ಒಲೆ, ಎಲ್ಲವೂ ನುಗ್ಗುತ್ತವೆ. ರವಿವಾರ ರಾತ್ರಿ ಒಂಬತ್ತೆಂದರೆ ಓಣಿಯ ಮಂದಿಯೆಲ್ಲ ಮನೆಯಲ್ಲಿದ್ದು ಫೋನು ಹಿಡಿದಿರುವ ವೇಳೆ. ಮುಂಜಾನೆ ಚೆನ್ನಾಗಿ ನಡೆದ ಆಟ ರಾತ್ರಿ ಏಕೆ ಎಡವಿತೆಂಬುದು ಈಗ ನಿಮಗೆ ಹೊಳೆದಿರಬೇಕು.

ಇನ್ನು ಮನೆಯ ಗೋಡೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹಾದಿಗಳು ಹೆಚ್ಚು, ಗದ್ದಲ ಕಡಿಮೆ. ಆದರೆ ಗೋಡೆ ದಾಟುವ ಕಸುವೂ ಕಡಿಮೆ. ನಮ್ಮ ಹಳೆಯ ಮಾಳಿಗೆ ಮನೆಗಳ ಗೋಡೆಗಳೋ ಕಲ್ಲುಮಣ್ಣಿನವು, ಒಂದೂವರೆ ಮೊಳ ದಪ್ಪ. ಅಕ್ಕನ ಮನೆಯಲ್ಲಿ ಗಾಜಿನ ಎಳೆ ಒಳಬರುವದು ಪಡಸಾಲೆಗೆ. ರೂಟರು ಅಲ್ಲಿಯೇ ಇತ್ತು. ಟಿ.ವಿ. ಇದ್ದದ್ದು ನಡುಮನೆಯಲ್ಲಿ. ನಡುವೆ ಆ ಗೋಡೆ, ಗೋಡೆಗೆ ಆತುಕೊಂಡು ಅಕ್ಕನ ಲಗ್ನದ ಕಾಲದ ಕಬ್ಬಿಣದ ತಿಜೋರಿ. ತರಂಗಗಳಿಗೆ ಇದಕ್ಕಿಂತ ಭದ್ರವಾದ ಕೋಟೆಯನ್ನು ಯಾರೂ ಕಟ್ಟಲಾರರು!

ನಾನು ಮಾಡಿದ ಪರೀಕ್ಷೆಯನ್ನು ನೀವೂ ಮಾಡಬಹುದು. ಒಂದು ಲ್ಯಾಪ್‌ಟಾಪನ್ನು ಆಟದ ಪೆಟ್ಟಿಗೆಯ ಪಕ್ಕದಲ್ಲಿಟ್ಟು ವೈಫೈ ಮೂಲಕ ನಮ್ಮದೇ ರೂಟರಿಗೆ ನೂರು ಪಿಂಗ್ ಕಳಿಸಿದೆ. ರೂಟರಿನ ವಿಳಾಸ ಹೆಚ್ಚಾಗಿ 192.168.1.1 ಎಂದಿರುತ್ತದೆ. ನೆನಪಿಡಿ, ಈ ಸುದ್ದಿ ಮನೆಯ ಹೊಸ್ತಿಲು ದಾಟುವದಿಲ್ಲ. ಆದರೂ ಉತ್ತರ ಒಮ್ಮೆ 4 ಮಿಲಿಸೆಕೆಂಡಿಗೆ, ಒಮ್ಮೆ 180ಕ್ಕೆ, ಮತ್ತೊಮ್ಮೆ 230ಕ್ಕೆ ಬಂತು. ನಾಲ್ಕು ಸಲ ಬರಲೇ ಇಲ್ಲ. ಮುಂಬಯಿಗೆ ಹೋಗಿಬರಲು ಬೆಳಕಿಗೆ ಬೇಕಾದದ್ದು 5. ನಡುಮನೆಯಿಂದ ಪಡಸಾಲೆಗೆ ಹೋಗಿಬರಲು 230! ಮರುದಿನ ಗದಗಿಗೆ ಹೋಗಿ ಇಪ್ಪತ್ತು ಮೀಟರಿನ ಲ್ಯಾನ್ ತಂತಿಯನ್ನು ತಂದೆ. ಕೆಲವು ನೂರು ರೂಪಾಯಿಗಳ ಮಾತು. ಹೆಚ್ಚಿಸಿದ ಸಂಪರ್ಕಕ್ಕೆ ಅಕ್ಕ ತೆತ್ತದ್ದಕ್ಕಿಂತ ಕಡಿಮೆ. ಬೆಳಕಿಂಡಿಯ ಮಗ್ಗುಲಿಗೆ ಜಂತಿಯ ಗುಂಟ ಹಾಯಿಸಿ ಒಂದು ತುದಿಯನ್ನು ರೂಟರಿಗೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಸಿಕ್ಕಿಸಿದೆ. ಮತ್ತೆ ನೂರು ಪಿಂಗ್. ನೂರಕ್ಕೆ ನೂರು ಉತ್ತರ. ಎಲ್ಲವೂ ಒಂದು ಮಿಲಿಸೆಕೆಂಡಿನೊಳಗೆ.

ತಂತಿಗೆ ಈ ಸ್ಥೈರ್ಯ ಎಲ್ಲಿಂದ ಬಂತು? ಅದರೊಳಗೆ ಎಂಟು ತಾಮ್ರದ ಎಳೆಗಳಿವೆ; ನೂಲು ಹುರಿ ಮಾಡಿದಂತೆ ಎರಡೆರಡನ್ನು ಹೆಣೆದ ನಾಲ್ಕು ಜೋಡಿ. ಹೆಣಿಗೆಯಿಂದ ಹೊರಗಿನ ಗದ್ದಲ ಒಳಗೆ ಹತ್ತದು. ಹೋಗುವ ಮಾತೂ ಬರುವ ಮಾತೂ ಏಕಕಾಲಕ್ಕೆ ನಡೆದರೂ ಡಿಕ್ಕಿಯಿಲ್ಲ, ಕಾಯುವ ಸರದಿಯಿಲ್ಲ. ಈ ಪದ್ಧತಿಗೆ ‘ಈಥರ್‌ನೆಟ್’ ಎಂದು ಹೆಸರು. 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬವರು ಜೆರಾಕ್ಸ್ ಸಂಸ್ಥೆಯಲ್ಲಿದ್ದಾಗ ಹವಾಯಿಯ ಆ ನಿಸ್ತಂತು ಜಾಲದಿಂದಲೇ ಸ್ಫೂರ್ತಿ ಪಡೆದು ಇದನ್ನು ರೂಪಿಸಿದರು. ಈಥರ್ ಎಂದರೆ ಬೆಳಕು ಹರಿಯಲು ಆಧಾರವೆಂದು ಹಿಂದಿನವರು ಕಲ್ಪಿಸಿದ್ದ, ಎಲ್ಲೆಡೆ ತುಂಬಿದ ದ್ರವ್ಯ. ನಮ್ಮವರು ಆಕಾಶ ಎಂದದ್ದಕ್ಕೆ ಹತ್ತಿರವಾದದ್ದು. ನೋಡಿ, ತಂತಿಯ ಜಾಲಕ್ಕೆ ಆಕಾಶದ ಹೆಸರು! ಅಂದ ಮೇಲೆ ಆಕಾಶವಾಣಿಯಲ್ಲಿ ಅದರ ಪರವಾಗಿ ಮಾತಾಡಿದ್ದು ಅಷ್ಟೇನೂ ಅಪಚಾರವಾಗಲಿಕ್ಕಿಲ್ಲ.

ಆದರೆ ತಂತಿ ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಮನೆಯ ಹೊರಗಿನ ತೊಂದರೆಯನ್ನು ಮನೆಯೊಳಗಿನ ತಂತಿ ಕಳೆಯದು. ರಸ್ತೆ ಅಗಿಯುವಾಗ ಗಾಜಿನ ಎಳೆ ತುಂಡಾದರೆ ಇಬ್ಬರಿಗೂ ಒಂದೇ ಗತಿ. ಹಳ್ಳಿಗಳ ಪಂಚಾಯಿತಿಗಳಿಗೆ ಗಾಜಿನ ಎಳೆ ಮುಟ್ಟಿಸುವ ಯೋಜನೆಗೆ 2011ರಲ್ಲಿ ಕೇಂದ್ರ ಸರಕಾರ ಒಪ್ಪಿಗೆಯಿತ್ತು, ಮುಂದೆ ಅದು ‘ಭಾರತ್‌ನೆಟ್’ ಎನಿಸಿತು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರಲೆಂದು ಎಳೆಗಳನ್ನು ಉಂಗುರದಂತೆ ಜೋಡಿಸುವ ತಿದ್ದುಪಡಿಗೆ ಒಪ್ಪಿಗೆ ದೊರೆತದ್ದು 2023ರಲ್ಲಿ. ಎರಡನೆಯದಾಗಿ, ಆಟದ ಹೊತ್ತಿನಲ್ಲಿಯೇ ಮನೆಯಲ್ಲಿ ಬೇರೊಬ್ಬರು ದೊಡ್ಡ ಚಿತ್ರವನ್ನು ಇಳಿಸತೊಡಗಿದರೆ ರೂಟರಿನ ಬಾಗಿಲಲ್ಲಿ ಸಾಲು ಬೆಳೆಯುತ್ತದೆ. ತಂತಿಯಲ್ಲಿ ಬಂದವನೂ ಆ ಸಾಲಿನಲ್ಲಿ ನಿಲ್ಲಲೇಬೇಕು. ಇದಕ್ಕೆ ಮದ್ದು ಮನೆಯವರೊಳಗಿನ ತಿಳಿವಳಿಕೆ. ಮೂರನೆಯದು ವಿದ್ಯುತ್ತು. ಕರೆಂಟು ಹೋದರೆ ರೂಟರೂ ಹೋಯಿತು.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಸಿಡಿಲು. ಚೈತ್ರ ವೈಶಾಖದ ಅಡ್ಡಮಳೆಗಳಲ್ಲಿ ನಮ್ಮ ಎರೆ ಸೀಮೆಯ ಬಯಲಿನ ಸಿಡಿಲು ನಿಮಗೆ ಗೊತ್ತೇ ಇದೆ. ತಾಮ್ರದ ತಂತಿಯನ್ನು ಮಾಳಿಗೆಯ ಮೇಲಿಂದಾಗಲಿ, ಒಂದು ಮನೆಯಿಂದ ಇನ್ನೊಂದು ಮನೆಗಾಗಲಿ ಎಂದೂ ಎಳೆಯಬೇಡಿರಿ. ಹತ್ತಿರ ಬಿದ್ದ ಸಿಡಿಲಿನ ಶಕ್ತಿ ಅದರಲ್ಲಿ ಹರಿದು ಯಂತ್ರವನ್ನು ಸುಡಬಹುದು, ಮುಟ್ಟಿದವರಿಗೆ ಅಪಾಯ ತರಬಹುದು. ಹೊರಗೆ ಗಾಜಿನ ಎಳೆ, ಒಳಗೆ ತಾಮ್ರದ ತಂತಿ. ಇದು ಸರಿಯಾದ ಕ್ರಮ. ಗುಡುಗು ಮೊದಲಾಗುವ ಮುನ್ನವೇ ಎಲ್ಲವನ್ನೂ ಗೋಡೆಯಿಂದ ಬಿಡಿಸಿಡುವದು ಲೇಸು.

ತಂತಿ ಕೊಳ್ಳುವವರಿಗೆ ಎರಡು ಮಾತು. ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದು ಬರೆದದ್ದು ಸಾಕು. ನೂರು ಮೀಟರಿನವರೆಗೆ ಅದು ಸೆಕೆಂಡಿಗೆ ಒಂದು ಗಿಗಾಬಿಟ್ ಹೊರಬಲ್ಲದು. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ್ದು ಬೇಡ, ಶುದ್ಧ ತಾಮ್ರದ್ದನ್ನು ಕೇಳಿರಿ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಪೆಟ್ಟಿಗೆಗಳ ಬೆನ್ನಿಗೆ ತಂತಿ ಸಿಕ್ಕಿಸುವ ಕಿಂಡಿ ಇದ್ದೇ ಇದೆ. 2017ರ ಮೊದಲ ನಿಂಟೆಂಡೊ ಸ್ವಿಚ್‌ಗೆ ಮಾತ್ರ ಬೇರೆ ಜೋಡಿಕೆಯೊಂದು ಬೇಕು. ತಂತಿ ಎಳೆಯಲು ಬಾರದ ಬಾಡಿಗೆ ಮನೆಯಿದ್ದರೆ ರೂಟರನ್ನು ಆಟದ ಕೋಣೆಗೇ ತನ್ನಿರಿ, ಎತ್ತರದಲ್ಲಿಡಿರಿ, 5 ಗಿಗಾಹರ್ಟ್ಸ್ ಪಟ್ಟಿಯನ್ನು ಆರಿಸಿರಿ. ಗೋಡೆಯಿಲ್ಲದ ಒಂದೇ ಕೋಣೆಯಲ್ಲಿ ವೈಫೈ ಕೂಡ ಸಾಕಷ್ಟು ನಂಬಿಗಸ್ತವಾಗಿ ದುಡಿಯುತ್ತದೆ. ಓದುವದಕ್ಕೆ, ಸಿನಿಮಾಕ್ಕೆ, ಓಡಾಡುತ್ತ ಮಾತಾಡುವದಕ್ಕೆ ಅದೇ ಅನುಕೂಲ. ಅದನ್ನು ಹಳಿಯುವದು ನನ್ನ ಉದ್ದೇಶವಲ್ಲ.

ಹಣ ಒಡ್ಡಿ ಆಡುವ ಆಟಗಳ ಮಾತನ್ನು ನಾನು ಇಲ್ಲಿ ಆಡಿಲ್ಲವೆಂಬುದನ್ನು ಗಮನಿಸಿರಿ. ಪಣದ ಆಟದಿಂದ ಏನಾಯಿತೆಂಬುದನ್ನು ಸಭಾಪರ್ವ ಕೇಳಿದ ನಮ್ಮ ಜನಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ; 2025ರ ಆಗಸ್ಟಿನಲ್ಲಿ ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಮಾಡಿತು. ಅದೇ ಕಾಯಿದೆ ಪಣವಿಲ್ಲದ ಸ್ಪರ್ಧೆಯ ಆಟಗಳನ್ನು ಬೇರೆಯಾಗಿ ಎಣಿಸಿದೆ. ವಾರಕ್ಕೊಂದು ತಾಸು ಅಣ್ಣತಮ್ಮಂದಿರು ಆಡುವ ಆಟ ನನ್ನ ಪಾಲಿಗೆ ಓಣಿಯ ಚಿಣಿಕೋಲಿನ ತಮ್ಮನಷ್ಟೇ.

ತಂತಿ ಎಳೆದ ಮೇಲೆ ಆದದ್ದನ್ನು ಹೇಳಿ ಮುಗಿಸುತ್ತೇನೆ. ಪರೀಕ್ಷೆಯ ಅಂಕಿಗಳೆರಡನ್ನೂ ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದು ಪುಣೆಗೆ ಕಳಿಸಿದೆ. ಕೆಳಗೆ, “ನಿನ್ನ ತಮ್ಮ ಖರೇ ಹೇಳಿದ್ದ. ನಾನೂ ನಂಬಿರಲಿಲ್ಲ” ಎಂದು ಬರೆದೆ. ಹುಡುಗನಿಗೂ ಅದನ್ನೇ ಎದುರಿಗೆ ಹೇಳಿದೆ. ಹೇಳುವದು ಸುಲಭವಾಗಿರಲಿಲ್ಲ. ಅವನು, “ಇರಲಿ ಬಿಡು ಮಾಮಾ” ಎಂದ.

ಆ ರವಿವಾರ ರಾತ್ರಿ ಒಂಬತ್ತಕ್ಕೆ ಹಿರಿಯವನು ಬಂದ. ಆಟ ಒಮ್ಮೆಯೂ ನಿಲ್ಲಲಿಲ್ಲ, ಕಡಿಯಲಿಲ್ಲ. ಕೊನೆಯ ಸೀಟಿಯವರೆಗೆ ನಡೆದು ಮೂರಕ್ಕೆ ಒಂದರಂತೆ ತಮ್ಮ ಸೋತ. ನಾನು ಅವನ ಮುಖ ನೋಡಿದೆ. ಅವನು ನೆಟ್ಟಿನ ಮಾತೆತ್ತಲಿಲ್ಲ, ತಂತಿಯ ಮಾತೆತ್ತಲಿಲ್ಲ. “ಅಣ್ಣಾ, ಎರಡನೇ ಗೋಲು ಭಾರಿ ಹೊಡದಿ” ಎಂದ. ಆ ಕಡೆಯಿಂದ ನಗು ಕೇಳಿಸಿತು. ಅಕ್ಕ ಅಡಿಗೆಮನೆಯಿಂದ ಬಂದು ಎಂದಿನಂತೆ, “ಉಂಡ್ಯಾ?” ಎಂದು ಕೇಳಿದಳು.